ನ್ಯೂಟನ್ನನೂ ನಲವತ್ತಡಿ ಟ್ರೈಲರೂ

ಎಂಟು ವರ್ಷ ಪಿಯುಸಿ ಮಕ್ಕಳಿಗೆ ಘರ್ಷಣೆ ಮತ್ತು ಜಡತ್ವದ ಪಾಠ ಹೇಳಿ, ಸಂಬಳ ಸಾಲದೆ ಕೊನೆಗೆ ಭಾವನವರ ಟ್ರೈಲರ್ ಲಾರಿಗೆ ಚಾಲಕನಾಗಿ ಸೇರಿದ ಮೇಲೆ ನನಗೆ ತಿಳಿದ ಮೊದಲ ಸಂಗತಿಯೆಂದರೆ, ಈ ಕೆಲಸದಲ್ಲಿ ಓಡಿಸುವುದು ಕಡಿಮೆ, ಕಟ್ಟುವುದು ಹೆಚ್ಚು ಎಂಬುದು. ಸುತ್ತಲೂ ಗೋಡೆಯಿರುವ ಲಾರಿಯಾದರೆ ಸರಕು ತುಂಬಿ ಹಿಂಬಾಗಿಲು ಹಾಕಿದೊಡನೆ ಅರ್ಧ ಚಿಂತೆ ಕಳೆಯುತ್ತದೆ. ನಮ್ಮದು ನಲವತ್ತಡಿಯ ಬರೀ ಹಾಸು; ಗೋಡೆಯಿಲ್ಲ, ಚಾವಣಿಯಿಲ್ಲ, ಬಾಗಿಲಿನ ಮಾತೇ ಇಲ್ಲ. ಅದರ ಮೇಲೆ ಹೇರಿದ ಸರಕು ದಯವಿಟ್ಟು ಅಲ್ಲಿಯೇ ಇರಬೇಕೆಂದು ಹಗ್ಗ, ಬೆಲ್ಟು, ಚೈನುಗಳ ಮೂಲಕ ಅರಿಕೆ ಮಾಡಿಕೊಳ್ಳಬೇಕು. ಹೆವಿ ಲೈಸೆನ್ಸಿನ ಪರೀಕ್ಷೆಯಲ್ಲಿ ನನ್ನಿಂದ ಮುಂದಕ್ಕೂ ಹಿಂದಕ್ಕೂ ಲಾರಿ ಓಡಿಸಿ ನೋಡಿದರೇ ಹೊರತು, ಕೈಗೊಂದು ಹಗ್ಗ ಕೊಟ್ಟು ‘ಗಂಟು ಹಾಕಿ ತೋರಿಸು’ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಇಂದಿಗೂ ಕಪ್ಪುಹಲಗೆಯ ಮುಂದೆಯೇ ಇರುತ್ತಿದ್ದೆ.

ಮೊದಲ ಲೋಡು ತೋರಣಗಲ್ಲಿನಿಂದ ಬೆಂಗಳೂರಿನ ಪೀಣ್ಯಕ್ಕೆ, ಕಾಂಕ್ರೀಟಿನೊಳಗೆ ಹಾಕುವ 12 ಮಿಲಿಮೀಟರ್ ದಪ್ಪದ ಟಿಎಂಟಿ ಕಬ್ಬಿಣದ ಸರಳು, 25 ಟನ್. ಒಂದೊಂದು ಸರಳು 12 ಮೀಟರ್ ಉದ್ದ, ಹತ್ತೂವರೆ ಕಿಲೋಗಿಂತ ತುಸು ಹೆಚ್ಚು ತೂಕ. ಮೇಷ್ಟ್ರ ಚಟ ಬಿಡದೆ ಭಾಗಿಸಿ ನೋಡಿದರೆ 2,300ಕ್ಕೂ ಮೀರಿದ ಸರಳುಗಳಾದವು. ಅರವತ್ತು ಹುಡುಗರ ತರಗತಿಯನ್ನೇ ಮುಕ್ಕಾಲು ಗಂಟೆ ಹಿಡಿದು ಕೂರಿಸಲಾರದ ನಾನು ಇಷ್ಟು ಸಂಖ್ಯೆಯ ಉದ್ದಾನುದ್ದ ಕಬ್ಬಿಣವನ್ನು ಬೆಂಗಳೂರಿನವರೆಗೆ ಶಿಸ್ತಿನಲ್ಲಿ ಕೂರಿಸಬೇಕಾಗಿತ್ತು. ನಲವತ್ತಡಿಯೆಂದರೆ 12.19 ಮೀಟರ್. ಅಂದರೆ ಸರಳಿನ ತುದಿಗೂ ಟ್ರೈಲರಿನ ತುದಿಗೂ ನಡುವೆ ಉಳಿಯುವುದು 19 ಸೆಂಟಿಮೀಟರ್, ಸರಿಯಾಗಿ ಒಂದು ಗೇಣೂ ಇಲ್ಲ.

ನಮ್ಮ ಕ್ಲೀನರ್ ಕೂಡ್ಲಿಗಿ ಕಡೆಯ ಹುಡುಗ; ವಯಸ್ಸು ಹತ್ತೊಂಬತ್ತಾದರೂ ಕಟ್ಟುವ ವಿದ್ಯೆಯಲ್ಲಿ ನನ್ನ ಅಜ್ಜ. ಹೊರಡುವಾಗಲೇ ಎಚ್ಚರಿಸಿದ್ದ: “ಸರ, ಇಪ್ಪತ್ತು ಕಿಲೋಮೀಟರಿಗೆ ನಿಲ್ಲಿಸ್ರಿ, ಮತ್ತ ಬಿಗೀಬೇಕು.” ಬೆಲ್ಟುಗಳನ್ನು ಸುತ್ತಿ ಬಿಗಿಯುವ, ಹಿಡಿಕೆಯುಳ್ಳ ರ್‍ಯಾಚೆಟ್ಟನ್ನು ಬೆವರು ಹನಿಯುವಷ್ಟು ತಿರುಗಿಸಿದ್ದ ನನಗೆ ಅದು ಅವಮಾನವೆನಿಸಿತು. ಬಿಗಿದದ್ದನ್ನು ಮತ್ತೆ ಬಿಗಿಯುವುದುಂಟೇ? ಆದರೆ ಲಾರಿ ಕುಲುಕಿದಂತೆಲ್ಲ ಸರಳುಗಳು ಒಂದರ ಸಂದಿಯಲ್ಲೊಂದು ಇಳಿದು ಕೂರುತ್ತವೆ, ಹೊರೆ ತಗ್ಗುತ್ತದೆ, ಬೆಲ್ಟು ಮಾತ್ರ ತನ್ನ ಹಳೆಯ ಅಳತೆಯಲ್ಲಿಯೇ ಉಳಿಯುತ್ತದೆ. ಬೆಲ್ಟಿನ ಒತ್ತಡ ಕಡಿಮೆಯಾದರೆ ಘರ್ಷಣೆಯೂ ಕಡಿಮೆಯಾಗುತ್ತದೆ ಎಂಬುದನ್ನು ನಾನು ಎಂಟು ವರ್ಷ, ವರ್ಷಕ್ಕೆ ಎರಡು ಸೆಕ್ಷನ್ನಿಗೆ, ಚಿತ್ರ ಬರೆದು ವಿವರಿಸಿದ್ದೆ.

ಎಲ್ಲೂ ನಿಲ್ಲಿಸದೆ ಹೊಸಪೇಟೆ ದಾಟಿ ಏರು ಹತ್ತಿ, ಮುಂದೊಂದು ಚಹಾದಂಗಡಿಯಲ್ಲಿ ಇಳಿದು ನೋಡಿದರೆ, ಮೇಲಿನ ಕಟ್ಟೊಂದು ಗೇಣಿನ ಗಡಿ ದಾಟಿ ಮೊಳದುದ್ದ ಹಿಂದಕ್ಕೆ ಚಾಚಿಕೊಂಡಿತ್ತು. ಹಿಂದೆಲ್ಲ ಸರಳು ಒಂದು ಮೀಟರಿನವರೆಗೆ ಹೊರಗಿದ್ದರೂ ನಡೆಯುತ್ತಿತ್ತು. ಆ ರಿಯಾಯಿತಿಯನ್ನು 2014ರಲ್ಲಿ ತೆಗೆದುಹಾಕಿದರು. ಅದೂ ಸರಿಯೇ, ರಾತ್ರಿ ಹೊತ್ತು ಹಿಂದಿನಿಂದ ಬರುವವನ ಪಾಡು ಯಾರಿಗೆ ಬೇಕು? 2019ರ ತಿದ್ದುಪಡಿಯ ನಂತರವಂತೂ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ಇಷ್ಟೆಲ್ಲ ತಿಳಿದಿದ್ದೂ ನಾನು ಮಾಡಿದ ಕೆಲಸವೆಂದರೆ, ಕ್ಲೀನರಿನ ಹೆಗಲ ಮೇಲಿದ್ದ ಕೆಂಪು ಟವೆಲನ್ನು ಕಸಿದು ಸರಳಿನ ತುದಿಗೆ ಕಟ್ಟಿ, ಹತ್ತಿರದ ಊರಿನಲ್ಲಿ ಕ್ರೇನ್ ಹುಡುಕಿದರಾಯಿತೆಂದು ಮೆಲ್ಲಗೆ ಹೊರಟದ್ದು. ಎರಡು ಕಿಲೋಮೀಟರ್ ಹೋಗುವುದರೊಳಗೆ ಕೈ ಅಡ್ಡ ಬಂತು. “ಟವೆಲ್ ಕಟ್ಟಿದ್ದು ಒಳ್ಳೇದಾಯ್ತು ನೋಡ್ರಿ,” ಎಂದರು ಪೊಲೀಸರು, “ಇಲ್ಲಾಂದ್ರೆ ನಾವು ಗಮನಿಸ್ತಾನೇ ಇರಲಿಲ್ಲ.” ದಂಡದ ಚೀಟಿ ಬಂತು, ಹೈಡ್ರಾ ಕ್ರೇನೂ ಬಂತು, ಎರಡು ಬಾಬ್ತೂ ನನ್ನ ಮೊದಲ ತಿಂಗಳ ಪಗಾರದಲ್ಲಿ ಸಮಾಧಿಯಾದವು. ಕ್ಲೀನರಿಗೆ ಕಡೆಯವರೆಗೂ ಟವೆಲಿನದೇ ಕೊರಗು; ಸರಳಿನ ಏಣುಗಳು ಅದನ್ನು ಜಾಲರಿ ಮಾಡಿದ್ದವು.

ವಾಪಸು ಬರುವಾಗ ಪೀಣ್ಯದಿಂದ ಹುಬ್ಬಳ್ಳಿಗೆ ಯಂತ್ರಗಳ ಮರದ ಪೆಟ್ಟಿಗೆಗಳು ಸಿಕ್ಕವು. ಈ ಸಲ ಹಗ್ಗ, ಬೆಲ್ಟು ಯಾವುದರಲ್ಲೂ ಜಿಪುಣತನ ಮಾಡಲಿಲ್ಲ. ಆದರೆ ಬೆಲ್ಟನ್ನು ಮೊದಲು ಕೈಯಿಂದ ಎಳೆದು ಸಡಿಲ ತೆಗೆಯದೆ ಹಾಗೆಯೇ ರ್‍ಯಾಚೆಟ್ ತಿರುಗಿಸಿದ್ದರಿಂದ, ಸುತ್ತಿನ ಮೇಲೆ ಸುತ್ತು ಕೂತು ಅದರ ಹೊಟ್ಟೆ ಉಬ್ಬಿ, ಹಿಡಿಕೆ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಬಿಡಿಸುವುದರಲ್ಲಿ ಒಂದು ತಾಸು ಮತ್ತು ಬಲಗೈ ಹೆಬ್ಬೆರಳಿನ ಉಗುರು ಹೋದವು.

ತುಮಕೂರು ದಾಟಿದ ಮೇಲೆ ಎಲ್ಲಿಂದಲೋ ‘ಗುಂಯ್’ ಎಂಬ ಸದ್ದು ಶುರುವಾಯಿತು. ವೇಗ ಹೆಚ್ಚಿದರೆ ಹೆಚ್ಚುತ್ತದೆ, ಇಳಿಸಿದರೆ ಇಳಿಯುತ್ತದೆ. ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಷಿಯಲ್ ಗೇರು ಹೋಯಿತೆಂದೇ ತೀರ್ಮಾನಿಸಿ ಸಿರಾದ ಬಳಿ ಮೆಕ್ಯಾನಿಕ್ಕನ್ನು ಕರೆಸಿದೆ. ಆತ ಅರ್ಧ ಗಂಟೆ ಲಾರಿಯಡಿ ಮಲಗಿ, ಎದ್ದು, ಲಾರಿ ನನಗಿಂತ ಆರೋಗ್ಯವಾಗಿದೆಯೆಂದು ಹೇಳಿ ಹಣ ಪಡೆದು ಹೋದ. ಅಷ್ಟರವರೆಗೂ ಕಡಲೆಕಾಯಿ ತಿನ್ನುತ್ತಿದ್ದ ನಮ್ಮ ಹುಡುಗ ಒಂದೊಂದೇ ಬೆಲ್ಟನ್ನು ಸಡಿಲಿಸಿ ಅರ್ಧ ತಿರುವು ಕೊಟ್ಟು ಮತ್ತೆ ಬಿಗಿದ. ಸದ್ದು ನಿಂತೇ ಹೋಯಿತು. ಚಪ್ಪಟೆ ಬೆಲ್ಟು ಗಾಳಿಗೆ ತಂತಿವಾದ್ಯದಂತೆ ಮಿಡಿಯುತ್ತದೆ, ತಿರುವಿದರೆ ಮಿಡಿಯುವುದಿಲ್ಲ. “ಮೊದಲೇ ಹೇಳಬಾರದಿತ್ತೇನೋ?” ಎಂದು ಕೇಳಿದರೆ, “ನೀವು ಸೈನ್ಸ್ ಮೇಷ್ಟ್ರಲ್ರೀ ಸರ” ಎಂದ.

ಹಿರಿಯೂರು ದಾಟುವಾಗ ಮೋಡ ಕವಿಯಿತು. ಯಂತ್ರ ನೆನೆಯಬಾರದೆಂದು ಎರಡು ತಾಡಪಾಲುಗಳನ್ನು ಅವಸರದಲ್ಲಿ ಹೊದಿಸಿ ಹಗ್ಗ ಬಿಗಿದೆವು. ನಾನು ಮುಂದಿನ ತಾಡಪಾಲನ್ನು ಮೊದಲು ಹಾಸಿ, ಹಿಂದಿನದರ ಅಂಚನ್ನು ಅದರ ಮೇಲೆ ತಂದಿದ್ದೆ. ಹೆಂಚು ಹೊದಿಸುವವನು ಮಳೆಯ ದಿಕ್ಕು ನೋಡಿ ಕೆಳಗಿನ ಸಾಲಿನ ಮೇಲೆ ಮೇಲಿನ ಸಾಲು ಬರುವಂತೆ ಜೋಡಿಸುತ್ತಾನೆ. ಲಾರಿಯ ಮೇಲೆ ಗಾಳಿಯ ದಿಕ್ಕು ನೋಡಿ ಹಿಂದಿನದರ ಮೇಲೆ ಮುಂದಿನದು ಬರಬೇಕು. ಇದು ನನಗೆ ತಿಳಿದದ್ದು ಚಿತ್ರದುರ್ಗದ ಹತ್ತಿರ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅವುಗಳಿಗೆಂದು ಬೀಸಿದ ಗಾಳಿ ನಮ್ಮ ತಾಡಪಾಲಿನ ಸಂದಿಯೊಳಗೆ ನುಗ್ಗಿ, ಕನ್ನಡಿಯಲ್ಲಿ ನೋಡುತ್ತಿದ್ದಂತೆಯೇ ಲಾರಿಗೊಂದು ಬಸುರು ಬಂದು, ಮೂರು ಹಗ್ಗ ಕಿತ್ತು, ತಾಡಪಾಲು ರೆಕ್ಕೆ ಬಿಚ್ಚಿಕೊಂಡಿತು. ಇಳಿದು ಅದರ ತುದಿ ಹಿಡಿದ ನಾನು ಮಾರುದ್ದ ನೆಲ ಬಿಟ್ಟು ಎದ್ದೆನೆಂದು ಕ್ಲೀನರ್ ಈಗಲೂ ಹೇಳುತ್ತಾನೆ. ನನ್ನ ಪ್ರಕಾರ ಅದು ಒಂದೂವರೆ ಅಡಿ.

ಕಿತ್ತು ಹೋಗದೆ ಉಳಿದ ಹಗ್ಗಗಳದ್ದು ಬೇರೆ ಕಥೆ. ಹುಬ್ಬಳ್ಳಿಯಲ್ಲಿ ಇಳಿಸುವಾಗ ನನ್ನ ಗಂಟುಗಳನ್ನು ಬಿಚ್ಚಲು ಹಮಾಲರು ಹಲ್ಲು ಹಚ್ಚಿ, ಮೊಳೆ ತೂರಿಸಿ, ಕೊನೆಗೆ ಕುಡುಗೋಲು ತಂದರು. ಆಗ ನಮ್ಮ ಹುಡುಗ ನನ್ನನ್ನು ಬದಿಗೆ ಕರೆದು ಗಂಭೀರವಾಗಿ ಹೇಳಿದ: “ಸರ, ನೀವು ಮದುವ್ಯಾಗ ಹಾಕಿದ ಮೂರು ಗಂಟು ಬಿಚ್ಚಬಾರದ ಗಂಟು. ಲಾರಿ ಗಂಟು ಬಿಚ್ಚಾಕ ಬರಬೇಕ್ರಿ.” ಅಂದು ರಾತ್ರಿ ಊಟದ ನಂತರ ಪಾಠ ನಡೆಯಿತು: ಹಗ್ಗದ ನಡುವೆ ಒಂದು ಜೀರುಗುಣಿಕೆ, ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿಸಿ ತಂದು ಆ ಕುಣಿಕೆಯೊಳಗೆ ತೂರಿಸಿ, ಮೈಭಾರ ಬಿಟ್ಟು ಜಗ್ಗುವುದು. ಕೈಯ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇದು ರಾಟೆಯ ತತ್ವವೆಂದು ನಾನು ವಿವರಿಸಹೊರಟೆ. ಅವನು ಆಗಲೇ ಗೊರಕೆ ಹೊಡೆಯುತ್ತಿದ್ದ.

ಎರಡು ತಿಂಗಳ ಅಭ್ಯಾಸವಾದ ಮೇಲೆ ಮೊನ್ನೆ ಅದೇ ಹುಬ್ಬಳ್ಳಿಯ ಗೋದಾಮಿಗೆ ಲೋಡು ಹೋಯಿತು. ಇಡೀ ಲಾರಿಯನ್ನು ನಾನೊಬ್ಬನೇ ಕಟ್ಟಿದ್ದೆ, ಮೂರು ಕಡೆ ನಿಲ್ಲಿಸಿ ಬಿಗಿದಿದ್ದೆ, ತಾಡಪಾಲು ಹೆಂಚಿನಂತೆ ಕೂತಿತ್ತು. ಹಳೆಯ ಹಮಾಲನೊಬ್ಬ ನನ್ನನ್ನು ನೋಡಿದವನೇ ಒಳಗೆ ಹೋಗಿ ಕುಡುಗೋಲು ಹಿಡಿದುಕೊಂಡೇ ಬಂದ. “ಬ್ಯಾಡ್ರಿ, ತುದಿ ಹಿಡಿದು ಜಗ್ಗಿ ನೋಡ್ರಿ,” ಎಂದೆ, ಎದೆಯುಬ್ಬಿಸಿ. ಅವನು ಅನುಮಾನದಿಂದಲೇ ಜಗ್ಗಿದ. ಗಂಟು ಬೆಣ್ಣೆಯಂತೆ ಬಿಚ್ಚಿಕೊಂಡು ಹಗ್ಗ ಅವನ ಪಾದದ ಬಳಿ ಬಿತ್ತು. ಅವನು ಒಮ್ಮೆ ಹಗ್ಗವನ್ನೂ ಒಮ್ಮೆ ನನ್ನನ್ನೂ ನೋಡಿ, ಲೊಚಗುಟ್ಟಿದ.

“ಇಷ್ಟು ಸಡಿಲ ಕಟ್ಟಿಕೊಂಡು ಅಷ್ಟು ದೂರದಿಂದ ಬಂದ್ರೇನ್ರಿ?”