ನೇಮಕಾತಿ ಪತ್ರವಿಲ್ಲದೆಯೂ ಪಾಸ್‌ಪೋರ್ಟ್ ಸಿಗುತ್ತದೆ: ಒಂದು ಸ್ಪಷ್ಟನೆ

'ವಿದೇಶಿ ಕಂಪೆನಿಯ ನೇಮಕಾತಿ ಪತ್ರ ಕೈಗೆ ಬಂದ ಮೇಲಷ್ಟೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಬಹುದು' ಎಂಬ ಸಂದೇಶ ಉಡುಪಿ, ಕುಂದಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನೇಮಕಾತಿ ಪತ್ರವೂ ಬೇಡ, ವೀಸಾವೂ ಬೇಡ. ಜನ್ಮ ದಿನಾಂಕ, ವಿಳಾಸದ ದಾಖಲೆಗಳೊಂದಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬಹುದು. ವಯಸ್ಕರ ಪಾಸ್‌ಪೋರ್ಟ್ 10 ವರ್ಷ ಚಾಲ್ತಿಯಲ್ಲಿರುತ್ತದೆ. ಬೇಗ ಮಾಡಿಸಿದರೆ ನಷ್ಟವೇನಿಲ್ಲ.

ಹತ್ತನೇ ತರಗತಿ ಪಾಸಾದವರು ಅದರ ಪ್ರಮಾಣಪತ್ರವನ್ನು ಮರೆಯದೆ ಒಯ್ಯಿರಿ. ಇಲ್ಲವಾದರೆ ಪಾಸ್‌ಪೋರ್ಟ್ 'ಇಸಿಆರ್' (ವಲಸೆ ಅನುಮತಿ ಅಗತ್ಯ) ವರ್ಗಕ್ಕೆ ಸೇರಬಹುದು. ಆಗ ಸೌದಿ, ಕುವೈತ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೊರಡುವ ಮುನ್ನ ವಲಸೆ ಅನುಮತಿಗಾಗಿ ಅಲೆಯಬೇಕಾಗುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಸೋದರಳಿಯನಿಗೆ ಕೊಲ್ಲಿಯಿಂದ ಹಠಾತ್ತನೆ ಫೋನ್ ಬಂದಾಗ ಎರಡನೆಯ ಪ್ರಶ್ನೆಯೇ ಪಾಸ್‌ಪೋರ್ಟ್ ಸಂಖ್ಯೆ. ಅವನು ಇಂಥದೇ ಮಾತು ನಂಬಿ ಅರ್ಜಿಯನ್ನೇ ಹಾಕಿರಲಿಲ್ಲ. ಕೆಲಸ ಇನ್ನೊಬ್ಬರ ಪಾಲಾಯಿತು. ಆ ಸಂಜೆ ಅವನು ಊಟಕ್ಕೂ ಏಳಲಿಲ್ಲ.

ಬೇಗ ಪಾಸ್‌ಪೋರ್ಟ್ ಪಡೆಯಲು ತತ್ಕಾಲ್ ಇದೆಯಲ್ಲ ಎನ್ನುವವರಿಗೆ: ಅದಕ್ಕೆ ಹೆಚ್ಚುವರಿ ಶುಲ್ಕವಿದೆ, ಬೇರೆ ದಾಖಲೆಗಳೂ ಬೇಕು.

ಆ ಸಂದೇಶವನ್ನು ಹಂಚಿದವರು ದಯವಿಟ್ಟು ಅದೇ ಗುಂಪಿನಲ್ಲಿ ಈ ತಿದ್ದುಪಡಿಯನ್ನೂ ಹಾಕಿ.