ಕಾಗೆ ನೋಡೋಕೂ ಅವನ ಕಣ್ಣೇ ಬೇಕಾ?

1896ರಲ್ಲಿ ಮುಂಬೈಗೆ ಬಂದಿದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ನಮ್ಮ ಕಾಗೆಗಳ ಬಗ್ಗೆ ಬರೆದಿದ್ದನ್ನು ಓದಿದೆ. ಬಾಲ್ಕನಿಯ ಕಂಬಿ ಮೇಲೆ ಸಾಲಾಗಿ ಕೂತು ಅವನ ಬಟ್ಟೆ, ಕೂದಲು, ಮೈಬಣ್ಣ, ಕಸುಬು ಎಲ್ಲದರ ಬಗ್ಗೆಯೂ ಚರ್ಚೆ ಮಾಡುತ್ತಿದ್ದವಂತೆ. ನಕ್ಕೂ ನಕ್ಕೂ ಸಾಕಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಕಾಂಪೌಂಡ್ ಮೇಲೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅನ್ನಿಸುವುದೇ ಇಲ್ಲ. ಹಾಳಾದ್ದು, ನನ್ನ ಲುಂಗಿ ನೋಡಿ ಆಡಿಕೊಳ್ಳುತ್ತಿದೆ ಅನ್ನಿಸುತ್ತದೆ!

ಅದು ಹೋಗಲಿ. ಕೆಲಸಕ್ಕಿಟ್ಟುಕೊಂಡ ನಮ್ಮವನೊಬ್ಬನನ್ನು ಇದ್ದ ಹೆಸರು ಬಿಟ್ಟು ‘ಸೈತಾನ’ ಅಂತ ಕರೆದನಲ್ಲ, ಅಲ್ಲಿ ಮಾತ್ರ ನಗು ಬರಲಿಲ್ಲ. ಹುಟ್ಟುಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಬಿಟ್ಟು ಅವನೂ ಹೊಸ ಹೆಸರಿಟ್ಟುಕೊಂಡವನೇ, ನಿಜ. ಆದರೆ ಅದು ಅವನೇ ಆರಿಸಿಕೊಂಡಿದ್ದು. ಈ ಬಡಪಾಯಿಯನ್ನು ಯಾರು ಕೇಳಿದರು?