ಸೊಂಟದಾಗ ಒಂದೂಕಾಲು ಕಿಲೋ ರಿವಾಲ್ವರ್: ಬೇಕೋ, ಬ್ಯಾಡೋ?

ಪರ
(ಹುಬ್ಬಳ್ಳಿಯ ಮೆಣಸಿನಕಾಯಿ ದಲಾಲಿ ವರ್ತಕರು)

ಬ್ಯಾಡಗಿ ಪೇಟೆಗೆ ಹೊರಡುವ ದಿನ ನಸುಕಿನಲ್ಲಿ ಸ್ನಾನ, ಪೂಜೆ ಮುಗಿದ ಮೇಲೆ ನಾನು ಮೊದಲು ಕಟ್ಟುವುದು ಬೆಲ್ಟು. ಎರಡು ಪದರ ಹೊಲಿಸಿದ ಅಗಲ ಚರ್ಮದ್ದು. ತೆಳು ಬೆಲ್ಟು ಆ ಭಾರಕ್ಕೆ ಜೋತು ಬೀಳುತ್ತದೆ, ದಿನವಿಡೀ ಪ್ಯಾಂಟು ಎಳೆದುಕೊಳ್ಳುತ್ತಾ ಓಡಾಡಬೇಕಾಗುತ್ತದೆ. ಆರಿಂಚು ನಳಿಗೆಯ .357 ಮ್ಯಾಗ್ನಮ್, ಆರು ಗುಂಡು ತುಂಬಿದರೆ ಒಂದೂಕಾಲು ಕಿಲೋ ದಾಟುತ್ತದೆ. ಅಪ್ಪಾರು ಇಟ್ಟುಕೊಂಡಿದ್ದ ಹೊರದೇಶದ ರಿವಾಲ್ವರ್. ಅವರು ತೀರಿಕೊಂಡ ಮೇಲೆ ವಾರಸುದಾರನೆಂದು ನನ್ನ ಹೆಸರಿಗೆ ಲೈಸೆನ್ಸ್ ಆಯಿತು. ಮೇಲೆ ಉದ್ದನೆಯ ನೆಹರೂ ಶರ್ಟು, ಅದರ ಮೇಲೊಂದು ಜಾಕೀಟು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.

'ಇಷ್ಟು ದೊಡ್ಡದ್ಯಾಕ್ರೀ, ಕಾನ್ಪುರದ .32 ತಗೋರಿ, ಕಿಸೆದಾಗ ಹಿಡಿತೈತಿ' ಎಂದು ಗೆಳೆಯರು ಹೇಳುತ್ತಲೇ ಇರುತ್ತಾರೆ. 2014ರಲ್ಲಿ ಬಂದ ನಿರ್ಭೀಕ್ ಎಂಬ ಅಲ್ಲಿಯ ಸಣ್ಣ ರಿವಾಲ್ವರ್ ಅರ್ಧ ಕಿಲೋ ಅಷ್ಟೇ. ಹಿಡಿದು ನೋಡಿದ್ದೇನೆ, ಚೆಂದದ ವಸ್ತು. ಆದರೆ ತೂಕವನ್ನು ದೋಷ ಎನ್ನುವವರು ಗುಂಡು ಹಾರಿಸಿ ನೋಡಿದವರಲ್ಲ. ಹಾರಿದ ಗುಂಡು ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಆ ಪೆಟ್ಟನ್ನು ಉಕ್ಕಿನ ಭಾರವೇ ನುಂಗಿದರೆ ನಳಿಗೆ ಮೇಲೇಳುವುದು ಕಡಿಮೆ, ಮುಂದಿನ ಗುರಿ ಬೇಗ ಕೂಡುತ್ತದೆ. ನಳಿಗೆ ಉದ್ದ ಇದ್ದಷ್ಟೂ ಗುರಿ ಹಿಡಿಯುವುದು ಸಲೀಸು. ಇನ್ನು ರಿವಾಲ್ವರ್ ಎಂದ ಮೇಲೆ, ಒಂದು ಗುಂಡು ಸಿಡಿಯದಿದ್ದರೆ ಟ್ರಿಗರ್ ಮತ್ತೊಮ್ಮೆ ಒತ್ತಿದರಾಯಿತು, ಗಾಲಿ ತಿರುಗಿ ಮುಂದಿನದು ಬರುತ್ತದೆ. ಭಯದಲ್ಲಿರುವ ಮನುಷ್ಯನಿಗೆ ಇದಕ್ಕಿಂತ ಸರಳವಾದದ್ದು ಇಲ್ಲ.

ನಾನಾಗ ಒಂಬತ್ತನೇ ಇಯತ್ತೆ. ಹಂಗಾಮಿನ ಕಾಲ, ವ್ಯವಹಾರವೆಲ್ಲ ರೋಖ. ಅಪ್ಪಾರ ಜೊತೆ ಅಂಬಾಸಡರ್ ಕಾರಿನಲ್ಲಿ ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬರುತ್ತಿದ್ದೆ. ರೊಕ್ಕದ ಚೀಲ ನನ್ನ ಕಾಲಡಿ. ಶಿಗ್ಗಾಂವಿ ದಾಟಿ, ತಡಸ ಕ್ರಾಸ್ ಇನ್ನೂ ಮುಂದಿರುವಾಗ ರಸ್ತೆಗೆ ಅಡ್ಡ ಕಲ್ಲು ಇಟ್ಟಿದ್ದರು. ನಾಲ್ಕು ಜನ, ಕೈಯಲ್ಲಿ ಬಡಿಗೆ. ಡ್ರೈವರ್ ನಡುಗಿದ. ಅಪ್ಪಾರು ಬಾಗಿಲು ತೆಗೆದು ಇಳಿದು, ಕಾರಿನ ಮುಂದೆ ಬಂದು, ಕೋಟಿನ ಬಲ ಅಂಚನ್ನು ಹಿಂದಕ್ಕೆ ಸರಿಸಿ, ಹಿಡಿಕೆಯ ಮೇಲೆ ಕೈ ಇಟ್ಟು ನಿಂತರು. ಹೊರಗೆ ಎಳೆಯಲಿಲ್ಲ. 'ಏನ್ ಬೇಕಾಗಿತ್ತೋ ತಮ್ಮಾ?' ಎಂದರು, ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವ ದನಿಯಲ್ಲೇ. ಹೆಡ್‌ಲೈಟಿನ ಬೆಳಕು ನೇರ ಅವರ ಸೊಂಟಕ್ಕೆ ಬಿದ್ದಿತ್ತು. ಒಬ್ಬ ಹಿಂದಕ್ಕೆ ಸರಿದ. ಉಳಿದ ಮೂವರೂ ಹೊಲದ ಬದುವು ಹಾರಿ ಕತ್ತಲೊಳಗೆ ಹೋದರು. ಕಲ್ಲನ್ನು ನಾನೂ ಡ್ರೈವರೂ ಸರಿಸಿದೆವು. ಆ ಕಲ್ಲಿನ ಬಿಸಿ ನನ್ನ ಅಂಗೈಗೆ ಇವತ್ತಿಗೂ ನೆನಪಿದೆ. ಕಿಸೆಯಲ್ಲಿ ಹಿಡಿಯುವ ಸಣ್ಣದಾಗಿದ್ದರೆ ಅಷ್ಟು ದೂರಕ್ಕೆ ಕಾಣುತ್ತಿತ್ತೇ?

ಜೀವಮಾನದಲ್ಲಿ ಅಪ್ಪಾರು ಅದನ್ನು ಮನುಷ್ಯರ ಕಡೆ ಎತ್ತಲಿಲ್ಲ. ಮದುವೆ, ಜಾತ್ರೆಯಲ್ಲಿ ಗಾಳಿಗೂ ಹಾರಿಸಲಿಲ್ಲ. ಅವರ ಮೈ ತೊಳೆಯುವಾಗ ನೋಡಿದೆ, ಬಲಗಡೆ ಸೊಂಟದ ಎಲುಬಿನ ಮೇಲೆ ಬೆಲ್ಟು ಉಜ್ಜಿ ಉಜ್ಜಿ ಅಂಗೈಯಗಲ ಕಪ್ಪು ಗಟ್ಟಿದ ಚರ್ಮ. ನಮ್ಮ ಮನೆಯ ಅನ್ನ ಆ ಗುರುತಿನ ಮರೆಯಲ್ಲಿ ಊರಿಂದೂರಿಗೆ ಬಂದದ್ದು.

ಈಗ ಟೆಂಡರ್ ಆನ್‌ಲೈನ್, ರೊಕ್ಕ ಬ್ಯಾಂಕಿಗೆ, ಇನ್ನು ಇದು ಯಾಕೆ ಎಂದು ಕೇಳುವವರಿದ್ದಾರೆ. ಕಲ್ಲು ಅಡ್ಡ ಇಡುವವನು ಕಾರಿನೊಳಗೆ ರೋಖ ಇದೆಯೋ, ಪಾಸ್‌ಬುಕ್ ಇದೆಯೋ ಎಂದು ವಿಚಾರಿಸಿ ಇಡುವುದಿಲ್ಲ.

ವಿರೋಧ
(ಧಾರವಾಡದ ವಕೀಲರು)

ವಿರೋಧದ ಪಕ್ಷ ಬರೆಯಿರಿ ಎಂದರು, ಒಪ್ಪಿದೆ. ಹೊಲದ ಮನೆಯಲ್ಲಿ ಒಂಟಿಯಾಗಿರುವವರಿಗೆ, ಜೀವಬೆದರಿಕೆ ಇರುವವರಿಗೆ ಲೈಸೆನ್ಸ್ ಬೇಡ ಎನ್ನಲು ನನ್ನ ಮನಸ್ಸು ಬರುವುದಿಲ್ಲ. ಸಿನಿಮಾದ ನಾಯಕನಂತೆ ದೊಡ್ಡ ರಿವಾಲ್ವರ್ ಏರಿಸಿಕೊಂಡು ಪೇಟೆಯಲ್ಲಿ ತಿರುಗುವ ಶೋಕಿಗೆ ಮಾತ್ರ ನನ್ನ ವಿರೋಧ.

ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಅದರಲ್ಲಿ 37ನೆಯದು ಕಟ್ಟು ಹಾಕುತ್ತದೆ: ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ರಾತ್ರಿ ಎರಡು ಸೆಕೆಂಡಿನಲ್ಲಿ ಮಾಡಿದ್ದನ್ನು ಕೋರ್ಟಿನಲ್ಲಿ ವರ್ಷಗಟ್ಟಲೆ ಅಳೆಯುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಹೋಲ್ಸ್ಟರಿನಂತಹ ಒರೆಯೊಳಗೆ, ಪೂರ್ತಿ ಮುಚ್ಚಿಯೇ ಇರಬೇಕು.

ಇನ್ನು ತೂಕ. ಮೊದಲ ತಿಂಗಳು ಹೊರುತ್ತಾರೆ. ಆಮೇಲೆ ಬೇಸಿಗೆ ಬರುತ್ತದೆ, ಜಾಕೀಟು ಬಿಡುತ್ತಾರೆ, ಊಟಕ್ಕೆ ಕೂತಾಗ ಹೊಟ್ಟೆಗೆ ಒತ್ತುತ್ತದೆ. ಕಾರಿನ ಡ್ಯಾಶ್‌ಬೋರ್ಡಿಗೆ ಹೋಗುತ್ತದೆ, ಗಲ್ಲೆಯ ಡ್ರಾಯರಿಗೆ ಹೋಗುತ್ತದೆ. ಅಲ್ಲಿಗೆ ಮಕ್ಕಳ ಕೈ ಎಟಕುತ್ತದೆ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಮೆಣಸಿನಕಾಯಿ ದರ ಕುಸಿಯಿತು, ರೈತರು ಸಿಟ್ಟಿಗೆದ್ದರು, ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಆ ನೂಕುನುಗ್ಗಲಿನಲ್ಲಿ ಯಾರಾದರೂ ಒಬ್ಬ ವರ್ತಕ ಅಂಗಿ ಎತ್ತಿ ಹಿಡಿಕೆ ತೋರಿಸಿದ್ದರೆ? ನಾಲ್ಕು ಜನರೆದುರು ಕೈ ಇಟ್ಟರೆ ಹೆದರಿ ಓಡಬಹುದು. ಹೊಟ್ಟೆ ಉರಿದ ಸಾವಿರ ಜನರೆದುರು ಆರು ಗುಂಡು ಬೆಂಕಿಗೆ ಇನ್ನಷ್ಟು ಎಣ್ಣೆ ಸುರಿಯುತ್ತವೆ. ಇದು ಬರೆಯಿರಿ ಎಂದು ಕೇಳಿದ್ದಕ್ಕೆ ನಾನು ಬರೆದ ಮಾತಲ್ಲ, ಆ ಸಂಜೆಯಿಂದ ನನ್ನನ್ನು ಬಿಡದ ಮಾತು.

ಅದಾಗಿ ಐದೇ ದಿನಕ್ಕೆ, ಮಾರ್ಚ್ 16ಕ್ಕೆ, ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂತು. ನಮ್ಮ ಭಾಗದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅದಕ್ಕಾಗಿ ನನ್ನ ಕಕ್ಷಿದಾರರೊಬ್ಬರು ತಮ್ಮ ರಿವಾಲ್ವರನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದು ನನ್ನ ಹತ್ತಿರ ಇಟ್ಟರು. ಹಂಗಾಮು ಮುಗಿಯುವವರೆಗೂ ವಾರಕ್ಕೆರಡು ಸಲ ಬ್ಯಾಡಗಿಗೆ ಹೋಗಿ ಬಂದರು. ಎಣಿಕೆ ಮುಗಿದ ಮೇಲೆ ರಸೀದಿ ಒಯ್ಯಲು ಬಂದಾಗ, 'ಎರಡೂವರೆ ತಿಂಗ್ಳು ಸೊಂಟ ಹಗುರಿತ್ರಿ ವಕೀಲರ' ಎಂದರು. ಆದರೂ ರಸೀದಿ ತಗೊಂಡು ಠಾಣೆಯ ಕಡೆಗೇ ಹೋದರು.